ಕೊಯ್ಲಿಗೆ ಮುಂಚಿನ ತುತ್ತು

ಹೊಳೆಯ ದಂಡೆಯಲ್ಲಿ ಒಂದು ಚಿಕ್ಕ ಆಶ್ರಮ. ಅಲ್ಲಿ ಲಿಗೋರಿ ಎಂಬ ಮುದಿ ಧರ್ಮಗುರು, ನಾಲ್ಕೈದು ಮಂದಿ ಶಿಷ್ಯರು, ಅಡುಗೆಯ ಕಾರ್ಮಿನಮ್ಮ. ಅಷ್ಟೇ ಸಂಸಾರ.

ಶಿಷ್ಯರಲ್ಲಿ ಇಜಿದೋರ್ ಎಂಬವನು ಹೆಂಡತಿ ಅಪೊಲಿನಳನ್ನು ಮಣ್ಣು ಮಾಡಿ ಬಂದವನು. ಬಂದು ಎರಡು ವರ್ಷ ಕಳೆದಿತ್ತು. ಸ್ವರ್ಗದಲ್ಲಿ ಅವಳನ್ನು ನೋಡಬೇಕು ಎಂಬುದೊಂದೇ ಅವನ ಆಸೆ. ಅಲ್ಲಿಯವರೆಗೆ ಸಿಹಿ ಮುಟ್ಟುವುದಿಲ್ಲ, ಹಾಡುವುದಿಲ್ಲ. ಯಾರಾದರೂ ನಕ್ಕರೆ ಎದ್ದು ಹೊಳೆಯ ಕಡೆ ಹೋಗುತ್ತಿದ್ದ.

ಊರವರು ಅವನನ್ನು ದೊಡ್ಡ ಭಕ್ತ ಎಂದರು. ಮುಖ ಗಂಟಿಕ್ಕಿಕೊಂಡವರನ್ನೆಲ್ಲ ನಾವು ಭಕ್ತರೆಂದೇ ಎಣಿಸುವುದಲ್ಲವೇ!

"ಗುರುಗಳೇ, ಸ್ವರ್ಗಕ್ಕೆ ಇನ್ನೆಷ್ಟು ದಿನ?" ಎಂದು ಅವನು ಆಗಾಗ ಕೇಳುತ್ತಿದ್ದ.

"ಕಾರ್ಮಿನಮ್ಮನಿಗೆ ಕಟ್ಟಿಗೆ ಒಡೆದುಕೊಟ್ಟೆಯಾ?" ಎಂದು ಗುರುಗಳು ಕೇಳುತ್ತಿದ್ದರು.

ಮಾತೆ ಮರಿಯಮ್ಮನ ಹುಟ್ಟುಹಬ್ಬ ಬಂತು. ಕರಾವಳಿಯ ಕ್ರೈಸ್ತರಿಗೆ ಅದೇ ತೆನೆ ಹಬ್ಬ. ಗದ್ದೆಯ ಕೊಯ್ಲಿಗೆ ಇನ್ನೂ ದಿನ ಇರುವಾಗಲೇ ಒಂದಿಷ್ಟು ತೆನೆ ತಂದು, ಹರಸಿ, ಎಲ್ಲರಿಗೂ ಹಂಚುತ್ತಾರೆ. ಕಾಳು ಸುಲಿದು ಹಾಲಿಗೆ ಹಾಕಿ, ಒಟ್ಟಿಗೆ ಕೂತು ಬಾಯಿಗಿಡಬೇಕು. ಒಬ್ಬರು ಮುಂಚೆ, ಒಬ್ಬರು ಆಮೇಲೆ ಎಂಬುದಿಲ್ಲ.

ಪೂಜೆ ಮುಗಿದು ಬಾಳೆಲೆ ಹಾಕಿದರು. ಎಲ್ಲರ ಬಟ್ಟಲಲ್ಲೂ ಹಾಲು, ಹಾಲಲ್ಲಿ ಹೊಸಕ್ಕಿಯ ಕಾಳು. ಇಜಿದೋರನ ಬಟ್ಟಲಲ್ಲಿ ಬರೀ ಹಾಲು.

"ಎಂತ ಮಾರಾಯಾ, ನಿನ್ನ ತೆನೆ ಎಲ್ಲಿ?"

"ತೆಗೆದಿಟ್ಟಿದ್ದೇನೆ ಗುರುಗಳೇ."

"ಯಾರಿಗೆ?"

"ಅಪೊಲಿನಳಿಗೆ. ಅವಳಿಗೆ ಹೊಸಕ್ಕಿ ಅಂದ್ರೆ ಪ್ರಾಣ. ಪ್ರತಿ ವರ್ಷದ್ದೂ ಉಂಟು. ತಿನ್ನುವುದಾದರೆ ಅವಳೊಟ್ಟಿಗೆ ಕೂತೇ ತಿನ್ನುವುದು."

"ತಾ, ನೋಡುವ."

ಇಜಿದೋರ್ ಒಳಗಿನಿಂದ ಒಂದು ತಗಡಿನ ಡಬ್ಬ ತಂದು ಮುಚ್ಚಳ ತೆಗೆದ. ಮೇಲೆ ಈ ವರ್ಷದ ತೆನೆ. ಅದರ ಕೆಳಗೆ ಬರೀ ಹೊಟ್ಟು, ಹಿಟ್ಟು, ಹರಿದಾಡುವ ನುಸಿ.

ಅವನು ಹೊಟ್ಟಿನೊಳಗೆ ಕೈಯಾಡಿಸಿ ನೋಡಿದ. "ಇಷ್ಟನ್ನೂ ಅವಳಿಗೆ ಉಳಿಸಲಿಕ್ಕೆ ಆಗಲಿಲ್ಲ ನನಗೆ" ಎಂದ.

ಗುರುಗಳು ಸಮಾಧಾನ ಹೇಳಲಿಲ್ಲ. ಹೊಸ ತೆನೆಯನ್ನು ಎತ್ತಿಕೊಂಡು, ಉಗುರಿನಿಂದ ಒಂದೊಂದೇ ಕಾಳು ಸುಲಿದು ಅವನ ಬಟ್ಟಲಿಗೆ ಹಾಕಿದರು. ಆಮೇಲೆ ತಮ್ಮ ಚಮಚವನ್ನು ಬಾಯಿಯ ಹತ್ತಿರ ತಂದು ಹಾಗೇ ಹಿಡಿದುಕೊಂಡರು.

"ಬೆಳಿಗ್ಗಿನಿಂದ ಹೊಟ್ಟೆಗೆ ಏನಿಲ್ಲ, ತಲೆ ತಿರುಗಿ ಬೀಳ್ತೀರಿ. ತಿನ್ನಿ ಗುರುಗಳೇ" ಎಂದಳು ಕಾರ್ಮಿನಮ್ಮ.

"ಇಜಿದೋರ್ ಬಾಯಿಗಿಡಲಿ."

"ಅವಳಿಲ್ಲದೆ ಹೇಗೆ ತಿನ್ನಲಿ?"

"ಗದ್ದೆಯಲ್ಲಿ ನಿಂತ ಬೆಳೆ, ಬಟ್ಟಲಲ್ಲಿರುವ ಕಾಳು, ಬೇರೆ ಬೇರೆಯಾ?"

"ಅಲ್ಲ. ಎರಡೂ ಒಂದೇ."

"ಅಲ್ಲಿ ಸ್ವರ್ಗದಲ್ಲಿ ಅವಳಿಗೆ ಬಡಿಸುವುದು ಯಾರು?"

"ಯೇಸುಸ್ವಾಮಿ."

"ಇಲ್ಲಿ ನಿನಗೆ?"

ಇಜಿದೋರ್ ತನ್ನ ಬಟ್ಟಲನ್ನು ನೋಡಿದ. ಗುರುಗಳ ಚಮಚದಿಂದ ಹಾಲು ಎಲೆಯ ಮೇಲೆ ಚೆಲ್ಲಿತು. ಆದರೂ ಅವರು ಚಮಚ ಇಳಿಸಲಿಲ್ಲ. ಉಳಿದವರೂ ಹಾಗೇ ಕೈ ಎತ್ತಿಕೊಂಡು ಕೂತಿದ್ದರು.

ಕೊನೆಗೆ ಇಜಿದೋರ್ ಬಾಯಿಗಿಟ್ಟ. ಕೂಡಲೇ ಎಲ್ಲರೂ ಇಟ್ಟರು.

ಕಾಳು ಎಳೆಯದು, ಹಲ್ಲಿಗೆ ಸಿಕ್ಕಿದ್ದೇ ಸಿಹಿ ಬಿಟ್ಟಿತು. ಹಲ್ಲಿನ ಸಂದಿಯಲ್ಲಿ ಹೊಟ್ಟು ಸಿಕ್ಕಿಕೊಂಡು ಪ್ರತಿ ಹಬ್ಬಕ್ಕೂ ಅಪೊಲಿನ ಬೈದುಕೊಳ್ಳುತ್ತಿದ್ದದ್ದು ಅವನಿಗೆ ನೆನಪಾಯಿತು. ಎರಡು ವರ್ಷದಿಂದ ಅವಳ ಕೊನೆಯ ದಿನಗಳು ಬಿಟ್ಟು ಬೇರೇನೂ ನೆನಪಿಗೆ ಬಂದಿರಲಿಲ್ಲ. ಅವನಿಗೆ ನಗು ಬಂತು, ನಗುತ್ತಲೇ ಅಳುವೂ ಬಂತು.

ಪಂಕ್ತಿಯಲ್ಲಿ ಯಾರೋ ಏನೋ ಹೇಳಿ ಎಲ್ಲರೂ ನಕ್ಕರು. ಇಜಿದೋರ್ ಎದ್ದು ಹೋಗಲಿಲ್ಲ.

"ಗುರುಗಳೇ" ಎಂದ, ಕಣ್ಣು ಒರೆಸಿಕೊಳ್ಳುತ್ತ. "ತಿಂದರೆ ಆಸೆ ಕಮ್ಮಿ ಆದೀತು ಅಂತ ಹೆದರಿದ್ದೆ. ಈಗ ಅವಳು ಮೊದಲಿಗಿಂತ ಹೆಚ್ಚು ಬೇಕು ಅನಿಸ್ತದೆ. ಅವಳಿರುವ ಆ ಊರು ಬೇಕು, ಆ ಸ್ವಾಮಿ ಬೇಕು ಅನಿಸ್ತದೆ. ತಡೆಯಲಿಕ್ಕೇ ಆಗುವುದಿಲ್ಲ."

ಗುರುಗಳು ತಮ್ಮ ಬಟ್ಟಲಿನ ಕೊನೆಯ ಹನಿ ಕುಡಿದು ಕೆಳಗಿಟ್ಟರು.

"ಎರಡು ವರ್ಷ ನೀನು ಸಾವಿಗೆ ಕಾದೆ ಇಜಿದೋರ್. ಸ್ವರ್ಗಕ್ಕೆ ಕಾಯುವುದು ಇವತ್ತು ಶುರುವಾಯಿತು."