ಅಜ್ಜನವರು ಅಗಿದ ಕಡಲೆ

ಕೆಂಚನಗವಿಯ ಶ್ರೀ ಗುರುಪಾದ ಅಜ್ಜನವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಗುಡ್ಡದ ಬಂಡೆಯೊಳಗೊಂದು ಗವಿ, ಹೊದೆಯಲು ಕಂಬಳಿ, ನೀರಿಗೊಂದು ಮಣ್ಣಿನ ಹರವಿ, ಇಷ್ಟೇ. ತಿಂಗಳಿಗೊಮ್ಮೆ ಅವರ ಕ್ಷೌರಸೇವೆಗೆಂದು ಹಡಪದ ಫಕೀರಪ್ಪ ಗುಡ್ಡ ಹತ್ತುತ್ತಿದ್ದ.

ಒಮ್ಮೆ ಅಜ್ಜನವರು ಅವನ ಕೈ ತಡೆದು, "ಇದು ಬ್ಯಾಡ. ನಿಮ್ಮಪ್ಪನ ಕತ್ತಿ ತಗೊಂಡು ಬಾ" ಎಂದರು.

ಫಕೀರಪ್ಪ ಕೈಯಲ್ಲಿದ್ದ ಕತ್ತಿ ಮಡಚಿ ಹಿಂದೆ ಸರಿದ. ಆ ಕತ್ತಿಯನ್ನು ಅರಿವೆಯಲ್ಲಿ ಸುತ್ತಿ ಜಂತಿಗೆ ಸಿಕ್ಕಿಸಿ ವರ್ಷಗಳೇ ಆಗಿದ್ದವು. ಅದರ ಕೆಳಗೆ ಮನೆಯವರಾರೂ ಮಲಗುತ್ತಿರಲಿಲ್ಲ. ಅವನ ತಂದೆ ಆ ಕತ್ತಿಯಿಂದ ಊರಗೌಡರಾದ ಚನ್ನವೀರಗೌಡರ ಅಣ್ಣನಿಗೆ ಗಡ್ಡ ಮಾಡುವಾಗ ಸಣ್ಣ ಗಾಯವಾಗಿತ್ತು. ವಾರ ಕಳೆಯುವುದರಲ್ಲಿ ಆತ ಧನುರ್ವಾಯು ಹಿಡಿದು, ದವಡೆ ಕಚ್ಚಿಕೊಂಡು, ಗುಟುಕು ನೀರೂ ಇಳಿಯದೆ ತೀರಿಕೊಂಡಿದ್ದ.

ಆದರೂ ಅಜ್ಜನವರ ಮಾತು ಮೀರುವುದುಂಟೇ? ಫಕೀರಪ್ಪ ಸೀಮೆಎಣ್ಣೆ ಹಚ್ಚಿ, ಜರಡಿ ಹಿಡಿದ ಬೂದಿಯಿಂದ ತಿಕ್ಕಿ ತುಕ್ಕು ಬಿಡಿಸಿದ. ಅಲಗನ್ನು ಕುದಿಯುವ ನೀರಿನಲ್ಲಿ ಅದ್ದಿದ. ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸುತ್ತ, ಅಂಚಿನ ಕಚ್ಚುಗಳು ಹೋಗುವವರೆಗೂ ಮಸೆದು, ಚರ್ಮದ ಪಟ್ಟಿಗೆ ಎಳೆದ. ಮುಂಗೈಗೆ ತಾಗಿಸಿದರೆ ರೋಮ ತಾವಾಗಿ ಉದುರಿದವು. ಕತ್ತಿ ಹೊಳೆದಷ್ಟೂ ಅವನ ಹೆದರಿಕೆ ಹೆಚ್ಚಿತು.

ಸುದ್ದಿ ತಿಳಿದು ಗವಿಯ ಬಾಗಿಲಲ್ಲಿ ಗೌಡರು ಕಾದಿದ್ದರು. "ನಮ್ಮಣ್ಣನ್ನ ತಿಂದ ಕತ್ತಿ ಅದು. ಅಜ್ಜಾರಿಗೆ ಏನರ ಆತು, ನಿನ್ನ ಚರ್ಮ ಸುಲೀತೀನಿ ಮಗನ!"

ಅಜ್ಜನವರು ಕೇಳಿಸದವರಂತೆ ಮುಖವೆತ್ತಿ ಕುಳಿತರು. ಒಂದು ಗಲ್ಲ ಮುಗಿಯಿತು. ಕತ್ತಿ ದವಡೆಯ ತಿರುವಿಗೆ ಬಂದಾಗ ಫಕೀರಪ್ಪನ ಕೈ ನಡುಗಿತು. ನೂಲೆಳೆಯಷ್ಟು ರಕ್ತ ಇಳಿಯಿತು. ಗೌಡರು ಕೂಗುತ್ತ ಎದ್ದರು. ಫಕೀರಪ್ಪ ಕತ್ತಿ ಮಡಚಿ ಪಾದಗಳ ಮೇಲೆ ಕುಸಿದ.

ಅಜ್ಜನವರು ಗಾಯವನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡು ವಿಭೂತಿ ಒತ್ತಿಕೊಂಡರು. "ಏಳೋ ಫಕೀರಾ, ಇನ್ನೊಂದು ಗಲ್ಲ ಉಳದೈತಲ್ಲ."

ಅವನು ಅಳುತ್ತಲೇ ಮುಗಿಸಿ, ಕತ್ತಿಯನ್ನು ಗವಿಯಲ್ಲೇ ಬಿಟ್ಟು ಇಳಿದ.

ಅಂದಿನಿಂದ ಫಕೀರಪ್ಪನಿಗೆ ಅನ್ನ ಸೇರದಾಯಿತು. ಕಣ್ಣು ಮುಚ್ಚಿದರೆ ಕಚ್ಚಿಕೊಂಡ ದವಡೆಯೇ ಕಾಣುತ್ತಿತ್ತು. ಬೆಳಕು ಹರಿಯುತ್ತಲೇ ಅವನು ಗುಡ್ಡ ಹತ್ತುವನು. ಗವಿಯ ಮುಂದೆ ಅಜ್ಜನವರು ಹುರಿದ ಕಡಲೆ ಹಿಡಿದು ಕುಳಿತಿರುವರು. ಅವನನ್ನು ಕಂಡೊಡನೆ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಕಟಕ್ಕೆಂದು ಕಡಿದು, "ಕೇಳಸ್ತೇನು?" ಎನ್ನುವರು. ದವಡೆ ಆಡುವ ಆ ಸಪ್ಪಳ ಕೇಳಿ ಅವನು ಇಳಿದು ಬರುವನು. ಗೌಡರೂ ದಿನಾ ಬಂದು, ದೂರದಲ್ಲಿ ನಿಂತು ಕಿವಿಗೊಡುತ್ತಿದ್ದರು.

ಹುಣ್ಣಿಮೆ ಬಂದು ಹೋಯಿತು. ಗಾಯದ ಗುರುತೂ ಉಳಿಯಲಿಲ್ಲ. ಫಕೀರಪ್ಪ ಮಾತ್ರ ಕಡ್ಡಿಯಾಗಿದ್ದ. ಆ ಮುಂಜಾನೆ ಅಜ್ಜನವರು ಕಡಲೆಯನ್ನೆಲ್ಲ ಅವನ ಬೊಗಸೆಗೆ ಸುರಿದರು.

"ನನ್ನ ದವಡಿ ದಣದೈತೋ. ಇನ್ನ ನೀ ಅಗಿ."

ಅವನು ಒಂದು ಕಾಳು ಕಡಿದ. ಆಮೇಲೆ ಇನ್ನೊಂದು. ಹಸಿವು ಒಮ್ಮೆಲೇ ಕೆರಳಿ, ಮಗುವಿನಂತೆ ಬಿಕ್ಕುತ್ತ ಬೊಗಸೆ ಬರಿದು ಮಾಡಿದ.

ಇದನ್ನು ನೋಡುತ್ತಿದ್ದ ಚನ್ನವೀರಗೌಡರು ಹತ್ತಿರ ಬಂದರು. ರುಮಾಲು ತೆಗೆದು ಬಂಡೆಯ ಮೇಲಿಟ್ಟು, ಫಕೀರಪ್ಪನ ಎದುರು ಕುಳಿತು ಗದ್ದವೆತ್ತಿದರು.

"ಅದ ಕತ್ತೀಲೆ ಮಾಡಪಾ" ಎಂದರು. ಅವರ ದನಿ ನಡುಗುತ್ತಿತ್ತು.

ಫಕೀರಪ್ಪನ ಕೈ ನಡುಗಲಿಲ್ಲ.