ಮುಳುಗಿದ ಗದ್ದೆ ಮತ್ತು ಮನೆಅಳಿಯ

“ಗುರುಗಳೇ, ಎಷ್ಟು ಕಾಲ ಕಷ್ಟ ಸಹಿಸಿಕೊಂಡರೆ ಪ್ರಭುವಿಗೆ ನಮ್ಮ ನೆನಪಾಗುತ್ತದೆ?” ಎಂದು ಸಾಂತಾನ ಕೇಳಿದ.

ಇಗರ್ಜಿಯ ಗುರುಗಳ ಶಿಷ್ಯರಲ್ಲೆಲ್ಲ ಸಾಂತಾನ ತುಂಟ. ಪೂಜೆಯ ನಡುವೆ ಪಕ್ಕದವನನ್ನು ನಗಿಸಿ, ತಾನು ಮಾತ್ರ ಸಂತನ ಮುಖ ಹೊತ್ತು ಕೂರುವವನು. ಅವತ್ತು ಅವನ ಮುಖದಲ್ಲಿ ನಗೆ ಇರಲಿಲ್ಲ. ಹೋದ ಮಳೆಗಾಲದಿಂದ ಅವನ ತಾಯಿ ಹಾಸಿಗೆ ಹಿಡಿದಿದ್ದಳು. ಕಾಲುಗಳಲ್ಲಿ ಸ್ವಾಧೀನವಿಲ್ಲ. ಆದರೂ ದಿನವೂ ಜಪಸರ ಹಿಡಿದು ಪ್ರಾರ್ಥಿಸುತ್ತಿದ್ದಳು. ಸಂಜೆ ಮನೆಗೆ ಬಂದೊಡನೆ ಸಾಂತಾನ, ಮೇಲಿನಿಂದ ಇವತ್ತಾದರೂ ಉತ್ತರ ಬಂತೇನಮ್ಮ ಎಂದು ಕೇಳುತ್ತಿದ್ದ. ಪ್ರಭು ಶಿಲುಬೆಯ ಮೇಲೇ ಕಾದ, ನಾನು ಹಾಸಿಗೆಯ ಮೇಲೆ ಕಾಯಲಾರೆನೇ ಮಗನೇ ಎಂದು ಅವಳು ಮೊದಮೊದಲು ನಗುತ್ತಿದ್ದಳು. ಬರಬರುತ್ತ ಆ ನಗು ಕಡಿಮೆಯಾಯಿತು. ಹಿಂದಿನ ಸಂಜೆ ಅವನು ಕೇಳಿದೊಡನೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಜಪಸರ ಮೊಳೆಯಲ್ಲೇ ತೂಗುತ್ತಿತ್ತು. ಅವಳ ನಂಬಿಕೆಯೂ ಹೋದರೆ ಮನೆಯಲ್ಲಿ ಇನ್ನೇನು ಉಳಿಯಿತು ಎಂದು ಸಾಂತಾನನಿಗೆ ಊಟ ಸೇರಿರಲಿಲ್ಲ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ರೈತನಿದ್ದ. ಘಟ್ಟದ ಮೇಲಿನವನು, ಕರಾವಳಿಯ ಒಂದು ಮನೆಗೆ ಮನೆಅಳಿಯನಾಗಿ ಬಂದ. ಅತ್ತೆಯ ಗದ್ದೆ ಹೊಳೆ ಸಮುದ್ರ ಸೇರುವ ಕಡೆಯಲ್ಲಿತ್ತು. ಉಪ್ಪುನೀರಿನ ಆ ನೆಲದಲ್ಲಿ ಕಗ್ಗ ಎಂಬ ಭತ್ತ ಬಿಟ್ಟರೆ ಬೇರೇನೂ ಬೆಳೆಯದು. ಅಳಿಯ ಬಿತ್ತಿದ. ಪೈರು ಮೊಳಕಾಲುದ್ದ ಬಂತು. ಅಷ್ಟರಲ್ಲಿ ಹೊಳೆ ಉಕ್ಕಿ ಗದ್ದೆಯೆಲ್ಲ ಮುಳುಗಿತು.

ಅಳಿಯ ತಲೆಯ ಮೇಲೆ ಕೈ ಹೊತ್ತು ಕೂತ. ಊರಿನವರು ಎಲೆಅಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂತರು. ನೀರು ನಿಂತಿರುವಷ್ಟು ದಿನ ಗದ್ದೆಯ ತಂಟೆಗೆ ಹೋಗಬಾರದು ಎನ್ನುವುದು ಅಲ್ಲಿಯ ಪದ್ಧತಿ.

“ಕಗ್ಗಕ್ಕೆ ಉಸಿರು ಹಿಡಿಯುವುದು ಗೊತ್ತು, ನೀವು ಸುಮ್ಮನಿರಿ” ಎಂದು ಅತ್ತೆ ಹೇಳಿದಳು.

ಅಳಿಯನಿಗೆ ಎಲ್ಲ ಕೆಲಸ ಬರುತ್ತಿತ್ತು, ಸುಮ್ಮನಿರುವುದೊಂದು ಬರುತ್ತಿರಲಿಲ್ಲ. ಮಂಜು ಕವಿದ ಒಂದು ಬೆಳಗ್ಗೆ ದೋಣಿ ಹತ್ತಿದ. ದೋಣಿ ಸದ್ದಿಲ್ಲದೆ ಗದ್ದೆಯ ಮೇಲೆ ತೇಲಿತು. ನೀರೆಲ್ಲಿ ಮುಗಿಯಿತು, ಆಕಾಶವೆಲ್ಲಿ ಶುರುವಾಯಿತು, ತಿಳಿಯಲಿಲ್ಲ. ಬಗ್ಗಿ ನೋಡಿದರೆ ಕೆಳಗೆ ತನ್ನದೇ ಗದ್ದೆ, ನಿದ್ದೆಯಲ್ಲಿದ್ದವರ ಉಸಿರಿನಂತೆ ಮೆಲ್ಲಗೆ ಓಲಾಡುತ್ತಿತ್ತು. ಪೈರಿನ ನಡುವೆ ಮೀನುಗಳು ಅಡ್ಡಾಡುತ್ತಿದ್ದವು. ಯಾರದೋ ಕನಸಿನ ಮೇಲೆ ತಾನು ತೇಲುತ್ತಿರುವಂತೆ ಅವನಿಗೆ ಅನಿಸಿತು. ಆದರೆ ಇದು ಬದುಕಿದೆಯೋ, ಸತ್ತು ಓಲಾಡುತ್ತಿದೆಯೋ? ಕೈ ಇಳಿಸಿ ಒಂದು ಹಿಡಿ ಕಿತ್ತ. ಬೇರು ಬೆಳ್ಳಗಿತ್ತು, ಜೀವವಿತ್ತು. ಖುಷಿಯಿಂದ ಮನೆಗೆ ಬಂದು ಒಂದು ಬಟ್ಟಲು ಗಂಜಿ ಹೆಚ್ಚೇ ಕುಡಿದ. ಮರುದಿನ ಎದ್ದರೆ ಮತ್ತೆ ಅನುಮಾನ. ಮತ್ತೆ ದೋಣಿ, ಮತ್ತೆ ಒಂದು ಹಿಡಿ. ದಿನವೂ ಬೇರು ಬೆಳ್ಳಗೇ ಇತ್ತು. ದಿನವೂ ಅವನು ಖುಷಿಯಿಂದಲೇ ಮರಳಿದ.

ಕೊನೆಗೆ ನೀರು ಇಳಿಯಿತು. ಸುತ್ತಲಿನ ಗದ್ದೆಗಳು ಕೆಸರು ಕೊಡವಿಕೊಂಡು ಎದ್ದು ನಿಂತವು. ಅಳಿಯನ ಗದ್ದೆ ಮಾತ್ರ ಅಲ್ಲಲ್ಲಿ ಬೋಳು, ಕುಡಿದವನು ಕ್ಷೌರ ಮಾಡಿದ ತಲೆಯ ಹಾಗೆ. ಅಳಿಯಂದಿರು ಘಟ್ಟದ ಮೇಲಿನವರೆಂದು ಹೊಳೆ ವಿಶೇಷ ಉಪಚಾರ ಮಾಡಿರಬೇಕು ಎಂದು ಊರಿನವರು ಗೇಲಿ ಮಾಡಿದರು. ಅವನು ಸಿಟ್ಟಿನಿಂದ ಅತ್ತೆಯ ಬಳಿ ಬಂದು ಉಪ್ಪುನೀರಿಗೆ ಬಾಯಿಗೆ ಬಂದಂತೆ ಬೈದ.

ಅತ್ತೆ ಮನೆಯ ಮುಂದೆ ಎಳೆದಿಟ್ಟಿದ್ದ ದೋಣಿಯ ಒಳಗೆ ನೋಡಿದಳು. ತಳದಲ್ಲಿ ಕಿತ್ತ ಪೈರು ಒಣಗಿ ರಾಶಿಯಾಗಿತ್ತು.

“ಇವು ನೀರಿಗೆ ಸತ್ತವಲ್ಲ” ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಸಾಂತಾನನ ಮುಖ ಅರಳಿತು, ಹಳೆಯ ತುಂಟತನ ಇಣುಕಿತು.

“ತಿಳಿಯಿತು ಗುರುಗಳೇ. ನಾನೇ ಆ ಪೈರು. ನೀರು ಇಳಿಯುವ ತನಕ ಹೀಗೆ ಕೂತಿರಬೇಕು” ಎಂದು ಮೂಗು ಹಿಡಿದು, ಕೆನ್ನೆ ಉಬ್ಬಿಸಿ, ಉಸಿರು ಕಟ್ಟಿ ತೋರಿಸಿದ.

ಗುರುಗಳು ನಗಲಿಲ್ಲ.

“ಪೈರು ನಿನ್ನ ಅಮ್ಮ, ಸಾಂತಾನ, ದೋಣಿಯಲ್ಲಿರುವವನು ನೀನು.”