ಸೆರೆಮನೆಗೆ ಹೊತ್ತು ತಂದ ವಿದ್ಯಾಲಯ

“ಗುರುಗಳೇ, ನ್ಯಾಯ ನಮ್ಮ ಕಡೆಗಿದೆ, ಬಂದೂಕು ಅವರ ಕಡೆಗಿದೆ. ಗೆಲ್ಲುವುದು ಹೇಗೆ?” ಎಂದು ಶಿಷ್ಯ ಕೇಳಿದ. ಅವನ ಗೆಳೆಯರಿಬ್ಬರನ್ನು ಸೆರೆಗೆ ಒಯ್ದಿದ್ದರು. ಆ ಸೆರೆಮನೆಯ ಕಾವಲಿಗೆ ನಿಂತವರಲ್ಲಿ ಅವನ ಸ್ವಂತ ಅಣ್ಣನೂ ಇದ್ದ. ಅಣ್ಣನೊಡನೆ ಅವನು ಮಾತು ಬಿಟ್ಟಿದ್ದ.

ಗುರು ಹೇಳಿದರು:

ಫಿಲಿಪ್ಪೀನ್ಸ್ ದ್ವೀಪಗಳ ಒಂದು ಊರಿನಲ್ಲಿ ವಿಶ್ವವಿದ್ಯಾಲಯವಿತ್ತು. ಅದರ ಕುಲಪತಿ ಒಬ್ಬ ಹೆಂಗಸು. ಮಾತು ಕಡಿಮೆ, ಹಟ ಜಾಸ್ತಿ. ಆ ನಾಡಿನ ದೊರೆ ತನ್ನನ್ನು ಪ್ರಶ್ನಿಸಿದವರನ್ನೆಲ್ಲ ಸೆರೆಗೆ ತಳ್ಳುತ್ತಿದ್ದ. ಆಕೆಯ ವಿದ್ಯಾರ್ಥಿಗಳನ್ನೂ ಹಿಡಿದುಕೊಂಡು ಹೋದ.

“ಅವರು ನಿನ್ನವರಲ್ಲ ಎಂದುಬಿಡು, ವಿದ್ಯಾಲಯ ಉಳಿಯುತ್ತದೆ” ಎಂದು ಹೇಳಿ ಕಳಿಸಿದ.

“ಮಕ್ಕಳನ್ನು ಬಿಟ್ಟುಕೊಟ್ಟ ಮೇಲೆ ಉಳಿಯುವುದು ಬರೀ ಗೋಡೆ” ಎಂದಳು ಆಕೆ.

ದೊರೆ ಬಾಗಿಲಿಗೆ ಬೀಗ ಜಡಿಸಿದ. ಅಲ್ಲಿಗೆ ವಿದ್ಯಾಲಯ ಮುಗಿಯಿತೆಂದುಕೊಂಡ. ಅರಮನೆ ಸೇರಿದವನಿಗೆ ತನ್ನ ನಾಡಿನ ಪದ್ಧತಿಯೇ ಮರೆತುಹೋಗಿತ್ತು.

ಅಲ್ಲಿನ ಹಳ್ಳಿಗಳಲ್ಲಿ ಮನೆ ಬಿದಿರಿನದು. ಜಾಗ ಬದಲಿಸಬೇಕಾದರೆ ಮನೆಯನ್ನು ಬಿಚ್ಚುವುದಿಲ್ಲ. ಮನೆಯ ಕೆಳಗೆ ಬಿದಿರ ಗಳ ಕಟ್ಟಿ, ಊರವರೆಲ್ಲ ಹೆಗಲು ಕೊಟ್ಟು, ಇಡೀ ಮನೆಯನ್ನೇ ಹೊತ್ತೊಯ್ಯುತ್ತಾರೆ. ದಾರಿಯಲ್ಲಿ ಎದುರಾದವನು ನಿಂತು ನೋಡುವಂತಿಲ್ಲ, ಅವನೂ ಹೆಗಲು ಕೊಡಬೇಕು. ಹೊತ್ತವರಿಗೆಲ್ಲ ಆ ಮನೆಯಲ್ಲೇ ಊಟ.

ಬೀಗ ಬಿದ್ದ ವಿದ್ಯಾಲಯ ಇನ್ನು ಇಲ್ಲೇ ನಡೆಯಲಿ ಎಂದು ಒಬ್ಬ ರೈತ ತನ್ನ ಮನೆ ಕೊಟ್ಟ. “ಮಕ್ಕಳು ಇಲ್ಲಿಗೆ ಬರಲಾರರು. ವಿದ್ಯಾಲಯವೇ ಅವರಿದ್ದಲ್ಲಿಗೆ ಹೋಗಲಿ” ಎಂದಳು ಕುಲಪತಿ. ಜನ ಮನೆ ಹೊತ್ತು ಹಾಡುತ್ತ ಹೊರಟರು. ಸೆರೆಮನೆಯ ಏರಿನಲ್ಲಿ ಸೈನಿಕರು ಅಡ್ಡ ನಿಂತು ಬಂದೂಕು ಎತ್ತಿದರು. ಹೊತ್ತವರು ತಟ್ಟನೆ ನಿಂತಾಗ ಮನೆಯ ಒಂದು ಮೂಲೆ ವಾಲಿತು. ಬಿದ್ದರೆ ಅಡಿಯಲ್ಲಿದ್ದವರ ಕತೆ ಮುಗಿಯುತ್ತಿತ್ತು.

ಕುಲಪತಿ ಎದುರಿಗಿದ್ದ ಸೈನಿಕನಿಗೆ, “ಮಗಾ, ಈ ಮೂಲೆಗೆ ಆಳು ಸಾಲದು” ಎಂದಳು.

ಅವನೂ ಹಳ್ಳಿಯವನೇ. ಬಂದೂಕನ್ನು ಬೇಲಿಗೆ ಒರಗಿಸಿ ಗಳದಡಿ ಹೆಗಲಿಟ್ಟ. ಹಿಂದೆಯೇ ಇನ್ನೊಬ್ಬ ಬಂದ, ಆಮೇಲೆ ಉಳಿದವರೂ ಬಂದರು. ಅವರ ಅಧಿಕಾರಿ ಕೂಗಿ ಕೂಗಿ ಗಂಟಲು ಹರಿದುಕೊಂಡ, ಪಾಪ! ದೊರೆಯ ದಂಡೇ ವಿಶ್ವವಿದ್ಯಾಲಯವನ್ನು ಹೊತ್ತು ತಂದು ಸೆರೆಮನೆಯ ಬಾಗಿಲಲ್ಲಿ ಇಳಿಸಿತು. ಎಲ್ಲರೂ ಅಲ್ಲೇ ಕೂತು ಅನ್ನ, ಮೀನು ಉಂಡರು. ಕುಲಪತಿ ಪಾಠ ಶುರುಮಾಡಿದಳು. ಪ್ರಶ್ನೆ ಕೇಳಿದರೆ ಗೋಡೆಯಾಚೆಯಿಂದ ವಿದ್ಯಾರ್ಥಿಗಳು ಉತ್ತರ ಹೇಳಿದರು.

ಆ ಮನೆಯನ್ನು ಕಿತ್ತೊಗೆಯಿರಿ ಎಂದು ದೊರೆಯ ಆಜ್ಞೆ ಬಂತು. ಉಂಡ ಮನೆಯ ಜಂತೆ ಎಣಿಸುವುದೇ ತಪ್ಪು, ಇನ್ನು ಕೀಳುವವರು ಯಾರು? ಒಬ್ಬ ಸೈನಿಕನೂ ಕೂತಲ್ಲಿಂದ ಏಳಲಿಲ್ಲ. ಎದ್ದವನು ಅವರೊಡನೆ ಕೂತು ಉಂಡಿದ್ದ ಸೆರೆಮನೆಯ ಕಾವಲುಗಾರ. ಹೋಗಿ ಬಾಗಿಲು ತೆರೆದ. ಮಕ್ಕಳು ಓಡಿ ಬಂದರು. ಜನ ಹಾಕಿದ ಕೇಕೆ ಅರಮನೆಯವರೆಗೂ ಕೇಳಿಸಿತಂತೆ. ಕುಲಪತಿ ಕಣ್ಣೊರೆಸಿಕೊಂಡು, “ಪಾಠಕ್ಕೆ ತಡವಾಯಿತು, ಕೂತುಕೊಳ್ಳಿ” ಎಂದಳು.

ಶಿಷ್ಯನ ಮುಖ ಅರಳಿತು, ಮರುಕ್ಷಣ ಬಾಡಿತು.

“ಗುರುಗಳೇ, ನಮ್ಮಲ್ಲಿ ಹಾಗೆ ಹೆಗಲು ಕೊಡುವವರು ಯಾರಿದ್ದಾರೆ?”

ಗುರು ಅಂದರು: “ನಿನ್ನ ಅಣ್ಣನನ್ನು ಕೇಳಿದೆಯಾ?”